ಪಿಸಿಟಿ ಮರುಭೂಮಿಯ ಮೊದಲ ವಾರಕ್ಕೆ ಕುಮಾರಪರ್ವತದ ಅಭ್ಯಾಸ ಸಾಕಾ?

ನಿಮ್ಮ ಪ್ರಶ್ನೆ ಇಷ್ಟು: ಏಪ್ರಿಲ್‌ನಲ್ಲಿ ಅಮೆರಿಕದ ಪೆಸಿಫಿಕ್ ಕ್ರೆಸ್ಟ್ ಟ್ರೇಲ್ (ಪಿಸಿಟಿ) ಅನ್ನೋ ಉದ್ದದ ಕಾಲ್ನಡಿಗೆ ದಾರಿ ಶುರು ಮಾಡುತ್ತಿದ್ದೀರಿ, ಕುಮಾರಪರ್ವತವನ್ನು ಒಂದೇ ದಿನದಲ್ಲಿ ಹತ್ತಿ ಇಳಿದಿದ್ದೀರಿ, ಮರುಭೂಮಿಯ ಮೊದಲ ದಿನಗಳಿಗೆ ಅದು ಸಾಕಾ ಅಂತ.

ಕಾಲಿಗೆ ಸಾಕು. ನೀರಿನ ಲೆಕ್ಕ ಮಾತ್ರ ಹೊಸದಾಗಿ ಕಲಿಯಬೇಕು. ಅದನ್ನು ನಾನು ಮೊದಲ ದಿನವೇ ಕಷ್ಟಪಟ್ಟು ಕಲಿತೆ, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ಮೆಕ್ಸಿಕೋ ಗಡಿಯಲ್ಲಿ ಕ್ಯಾಂಪೊ ಅನ್ನೋ ಸಣ್ಣ ಊರು. ಕೆನಡಾದವರೆಗಿನ 4,265 ಕಿಲೋಮೀಟರ್ ಶುರುವಾಗುವುದು ಅಲ್ಲಿಂದ. ಮರಳಿನ ದಿಬ್ಬಗಳು ಕಾಣುತ್ತವೆ ಅಂದುಕೊಂಡು ಹೋಗಬೇಡಿ. ಮೊಣಕಾಲೆತ್ತರದ ಕುರುಚಲು, ದುಂಡು ಬಂಡೆಗಳು, ಬೋಳು ಗುಡ್ಡಗಳು. ಚಳ್ಳಕೆರೆ, ಮೊಳಕಾಲ್ಮೂರು ಕಡೆ ಓಡಾಡಿದ್ದರೆ ಗುರುತು ಸಿಗುತ್ತದೆ. ಮುಂದೆ ಸಿಗುವ ಮರುಭೂಮಿಗೆ ಕಾರಣವೂ ಒಂದೇ. ನಮ್ಮಲ್ಲಿ ಘಟ್ಟ ಮಳೆ ತಡೆದು ಬಯಲುಸೀಮೆ ಒಣಗಿದ ಹಾಗೆ, ಅಲ್ಲಿ ಪೆಸಿಫಿಕ್ ಸಮುದ್ರದ ಮೋಡವನ್ನು ಲಗುನಾ ಬೆಟ್ಟಗಳು ತಡೆಯುತ್ತವೆ, ಆಚೆ ಬದಿ ಅಂಝಾ-ಬೊರೆಗೊ ಮರುಭೂಮಿ.

ಮೊದಲ ದಿನ ಕ್ಯಾಂಪೊದಿಂದ ಲೇಕ್ ಮೊರೇನಾವರೆಗೆ 32 ಕಿಲೋಮೀಟರ್. ನಡುವೆ ನಂಬಬಹುದಾದ ನೀರು ಇಲ್ಲ. ನಾನು ನಾಲ್ಕು ಲೀಟರ್ ಹೊತ್ತಿದ್ದೆ. ಘಟ್ಟದಲ್ಲಿ ನಡೆದು ರೂಢಿಯಾದವರಿಗೆ ಬೆವರು ಸುರಿದರೆ ತಾನೇ ಬಾಯಾರಿಕೆ ನೆನಪಾಗೋದು? ಅಲ್ಲಿ ಬೆವರು ಕಾಣುವುದೇ ಇಲ್ಲ. ಗಾಳಿ ಅಷ್ಟು ಒಣ, ಹೊರಬಂದ ಕೂಡಲೇ ಆರಿಹೋಗುತ್ತದೆ. ನನಗೆ ಸೆಕೆಯೇ ಇಲ್ಲ ಅಂದುಕೊಂಡು ಬೆಳಗ್ಗೆಯೆಲ್ಲ ಬಿರುಸಾಗಿ ನಡೆದೆ.

ಸುಮಾರು 25ನೇ ಕಿಲೋಮೀಟರಿಗೆ ಹೌಸರ್ ಕ್ರೀಕ್ ಬರುತ್ತದೆ. ಹೆಸರಿಗೆ ಹಳ್ಳ, ನಾನು ಹೋದಾಗ ತಳದಲ್ಲಿ ಬರೀ ಒಣ ಎಲೆ. ಅದನ್ನು ದಾಟಿದ ಮೇಲೆ ಸುಮಾರು 300 ಮೀಟರ್ ಏರು, ನೆರಳಿಲ್ಲ. ಮಧ್ಯಾಹ್ನ ಎರಡು ಗಂಟೆ, ಕೈಯಲ್ಲಿ ಅರ್ಧ ಲೀಟರ್. ಬ್ಯಾಗ್ ಇಳಿಸಿ ಅಂಗಿ ಬಿಚ್ಚಿದೆ. ಬೆನ್ನಿನ ಭಾಗದಲ್ಲಿ ಬಿಳಿ ಗೆರೆಗಳು, ರಂಗೋಲಿ ಎಳೆದ ಹಾಗೆ. ಬೆರಳಿನಿಂದ ಉಜ್ಜಿದರೆ ಪುಡಿ ಉದುರಿತು. ಅಷ್ಟೂ ನನ್ನ ಮೈಯಿಂದ ಹೋದ ಉಪ್ಪು. ಆಗಲೇ ತಲೆ ದಿಮ್ಮೆನ್ನುತ್ತಿತ್ತು. ಹತ್ತುವ ಧೈರ್ಯ ಬರಲಿಲ್ಲ. ಹಳ್ಳದ ಪಕ್ಕದ ಓಕ್ ಮರದ ನೆರಳಲ್ಲಿ ಐದು ಗಂಟೆವರೆಗೂ ಮಲಗಿದೆ. ನನ್ನ ಹಾಗೇ ಕೂತಿದ್ದ ಒಬ್ಬ ಹಿರಿಯರು ಒಂದು ಲೀಟರ್ ನೀರು ಕೊಟ್ಟರು, ಅದಕ್ಕೆ ಓಆರ್‌ಎಸ್ ಪುಡಿ ಹಾಕಿ ನಿಧಾನಕ್ಕೆ ಕುಡಿದೆ. ಅವರ ಋಣ ಮರೆಯಲ್ಲ.

ಆದ್ದರಿಂದ ಕ್ಯಾಂಪೊದಿಂದ ಆರು ಲೀಟರ್ ಒಯ್ಯಿರಿ. ಆರು ಕೆಜಿ ಜಾಸ್ತಿ ಅನ್ನಿಸುತ್ತದೆ, ಆದರೂ ಒಯ್ಯಿರಿ. ಬೆಳಕು ಹರಿಯುವ ಮೊದಲೇ ಹೊರಡಿ, ಹನ್ನೊಂದರಿಂದ ನಾಲ್ಕರವರೆಗೆ ನೆರಳು ಹಿಡಿದು ಕೂತುಬಿಡಿ. ಮೊದಲ ದಿನ 32 ಮುಗಿಸಲೇಬೇಕು ಅಂತ ಯಾರೂ ಹೇಳಿಲ್ಲ. ಹಳ್ಳದ ಹತ್ತಿರ ಟೆಂಟ್ ಹಾಕಿ ಮರುದಿನ ತಂಪು ಹೊತ್ತಿನಲ್ಲಿ ಹತ್ತಿದವರು ನನಗಿಂತ ಚೆನ್ನಾಗಿದ್ದರು. ಹಾಗೆ ಮಾಡುವುದಾದರೆ ರಾತ್ರಿಯ ನೀರನ್ನೂ ಲೆಕ್ಕಕ್ಕೆ ಹಿಡಿಯಿರಿ.

ಊಟಕ್ಕೆ ಮನೆಯಿಂದ ಗೊಜ್ಜವಲಕ್ಕಿ ಪುಡಿ ಮಾಡಿಸಿಕೊಂಡು ಬನ್ನಿ. ತಣ್ಣೀರು ಹಾಕಿ ಹತ್ತು ನಿಮಿಷ ಬಿಟ್ಟರೆ ಆಯಿತು, ಉಪ್ಪು ಹುಳಿ ಎರಡೂ ಹೊಟ್ಟೆಗೆ ಸೇರುತ್ತದೆ. ಬಿಸಿಲಲ್ಲಿ ಸಿಹಿ ಬಾರ್‌ಗಳು ಗಂಟಲಲ್ಲಿ ಇಳಿಯುವುದಿಲ್ಲ. ಸ್ಟವ್ ಬಳಸುವುದಾದರೆ ಕ್ಯಾಲಿಫೋರ್ನಿಯಾ ಕ್ಯಾಂಪ್‌ಫೈರ್ ಪರ್ಮಿಟ್ ಬೇರೆ ಬೇಕು, ಆನ್‌ಲೈನ್‌ನಲ್ಲಿ ದುಡ್ಡಿಲ್ಲದೆ ಸಿಗುತ್ತದೆ.

ಪಾದದ ವಿಷಯ. ಪ್ರತಿ ಸಲ ಕೂತಾಗ ಶೂ ಸಾಕ್ಸ್ ಎರಡೂ ಬಿಚ್ಚಿ ಕಾಲು ಆರಿಸಿ. ಎಲ್ಲಾದರೂ ಉರಿ ಅನ್ನಿಸಿದರೆ ಆ ಕ್ಷಣವೇ ನಿಂತು ಟೇಪ್ ಸುತ್ತಿ, ಬೊಬ್ಬೆ ಬಂದ ಮೇಲೆ ಸುತ್ತಿ ಪ್ರಯೋಜನ ಕಡಿಮೆ.

67ನೇ ಕಿಲೋಮೀಟರಿನ ಹತ್ತಿರ ಮೌಂಟ್ ಲಗುನಾ, ಅಲ್ಲಿ ಏಪ್ರಿಲ್‌ನಲ್ಲೂ ಹಿಮ ಬೀಳಬಹುದು. ಬೆಚ್ಚಗಿನ ಜಾಕೆಟ್ ಬಿಟ್ಟು ಬರಬೇಡಿ. ಜೆಫ್ರಿ ಪೈನ್ ಮರದ ತೊಗಟೆಯ ಸಂದಿಗೆ ಮೂಗು ಇಟ್ಟು ನೋಡಿ, ವೆನಿಲಾ ಪರಿಮಳ! ಎರಡು ದಿನ ಧೂಳು ಕುಡಿದು ಬಂದವರಿಗೆ ಅದು ಎಷ್ಟು ಹಿತ ಅಂತ ಹೇಳಲಾರೆ. ಬೆಟ್ಟದ ಅಂಚಿಗೆ ಬಂದರೆ ಪೂರ್ವಕ್ಕೆ ಮರುಭೂಮಿ ಪೂರ್ತಿ ಕೆಳಗೆ ಹರಡಿಕೊಂಡಿರುತ್ತದೆ.

ಆಮೇಲೆ 124ನೇ ಕಿಲೋಮೀಟರಿನಲ್ಲಿ ಸಿಸರ್ಸ್ ಕ್ರಾಸಿಂಗ್ ಅನ್ನೋ ರಸ್ತೆ ಕೂಡುವ ಜಾಗ. ಅಲ್ಲಿಂದ ಬ್ಯಾರೆಲ್ ಸ್ಪ್ರಿಂಗ್ ಅನ್ನೋ ಚಿಲುಮೆವರೆಗೆ 38 ಕಿಲೋಮೀಟರ್ ಒಣ ದಾರಿ. ನಡುವೆ ಸ್ವಯಂಸೇವಕರು ನೀರಿನ ಕ್ಯಾನ್ ಇಟ್ಟಿರುತ್ತಾರೆ. ದೊಡ್ಡ ಮನಸ್ಸಿನ ಜನ. ಆದರೆ ಆ ನೀರನ್ನು ನಂಬಿ ಮಾತ್ರ ಹೊರಡಬೇಡಿ, ನೀವು ತಲುಪುವಾಗ ಖಾಲಿ ಇರಬಹುದು. ನಾನು ಅಲ್ಲಿಂದ ಆರು ಲೀಟರ್ ಹೊತ್ತು ಬೆಳಗಿನ ನಾಲ್ಕಕ್ಕೆ ಹೆಡ್‌ಲ್ಯಾಂಪ್ ಹಾಕಿಕೊಂಡು ಹೊರಟೆ. ಬಿಸಿಲು ಏರುವ ಹೊತ್ತಿಗೆ ಅರ್ಧ ದಾರಿ ಹಿಂದಿತ್ತು, ಕೈಯಲ್ಲಿ ಇನ್ನೂ ಮೂರು ಲೀಟರ್ ಇತ್ತು.

ನಡಿಗೆ ಶುರು ಮಾಡಲು ನಿಮಗೆ ಯಾವ ತಾರೀಖಿನ ಪರ್ಮಿಟ್ ಸಿಕ್ಕಿದೆ ತಿಳಿಸಿ. ಏಪ್ರಿಲ್ ಶುರುವಿನದ್ದಾದರೆ ಚಳಿಗೆ ಏನೇನು ಬೇಕು ಅಂತ ಇಲ್ಲೇ ಸೇರಿಸುತ್ತೇನೆ.