ಓದುಗರ ಪ್ರಶ್ನೆ: ಕೋರ್ ಕಟರ್‌ನ ಹಲ್ಲು ಯಾಕೆ ಹಾರುತ್ತದೆ?

ಪ್ರಶ್ನೆ: 12 ಮಿ.ಮೀ. ಎಂ.ಎಸ್. (ಮೈಲ್ಡ್ ಸ್ಟೀಲ್) ಪ್ಲೇಟಿಗೆ ಎಂ20 ಬೋಲ್ಟಿನ ತೂತು ಹಾಕಲು, ಮ್ಯಾಗ್ನೆಟ್ಟಿನಿಂದ ಕಬ್ಬಿಣಕ್ಕೆ ಕಚ್ಚಿ ನಿಲ್ಲುವ ಮ್ಯಾಗ್ನೆಟಿಕ್ ಡ್ರಿಲ್‌ನಲ್ಲಿ 22 ಮಿ.ಮೀ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಕೋರ್ ಕಟರ್ ಹಾಕುತ್ತೇವೆ. ಹತ್ತಿಪ್ಪತ್ತು ತೂತಿಗೇ ಹಲ್ಲು ಹಾರುತ್ತದೆ. ಕಟರೇ ಕಳಪೆ ಇರಬಹುದೇ?
– ಒಬ್ಬ ಓದುಗರು, ಹುಬ್ಬಳ್ಳಿ

ಉತ್ತರ: ಕಟರ್ ಬದಲಿಸುವ ಮೊದಲು ಮ್ಯಾಗ್ನೆಟ್ಟಿನ ಅಡಿ ನೋಡಿ. ಟ್ವಿಸ್ಟ್ ಡ್ರಿಲ್‌ಗೆ ನಡುವೆ ಮೊನೆಯಿದೆ; ಬಳೆಯಂತೆ ಅಂಚನ್ನಷ್ಟೇ ಕೊರೆಯುವ ಟೊಳ್ಳು ಕೋರ್ ಕಟರ್‌ಗೆ ಇಲ್ಲ. ಕಟರಿನ ನಡುವೆ ಜಾರುವ ಪೈಲಟ್ ಪಿನ್ ಇರುವುದು ಗುರುತಿಗೆ ಕೂರಿಸಲು, ಕೂಲಂಟ್‌ಗೆ (ತಂಪು ಮಾಡುವ ದ್ರವಕ್ಕೆ) ದಾರಿ ಬಿಡಲು, ಕೊನೆಗೆ ಸ್ಲಗ್ (ನಡುವೆ ಉಳಿಯುವ ಕಬ್ಬಿಣದ ಬಿಲ್ಲೆ) ತಳ್ಳಲು; ಕಟರನ್ನು ಅದು ಹಿಡಿದು ನಿಲ್ಲಿಸುವುದಿಲ್ಲ. ಹಿಡಿಯುವುದು ಮ್ಯಾಗ್ನೆಟ್ ಮಾತ್ರ. ಅದು ಕೂದಲೆಳೆಯಷ್ಟು ಸರಿದರೂ ಒಂದೇ ಬದಿಯ ಹಲ್ಲಿನ ಮೇಲೆ ಭಾರವೆಲ್ಲ ಬೀಳುತ್ತದೆ. ಹೆಚ್ಚಿನ ಹಲ್ಲು ಮುರಿಯುವುದು ಹೀಗೆಯೇ.

ಪ್ಲೇಟಿನ ತುಕ್ಕು, ಪೇಂಟು, ಪದರು ಎದ್ದ ಸ್ಕೇಲ್ (ಉಕ್ಕಿನ ಮೇಲಿನ ಕಪ್ಪು ಹೊಟ್ಟು) ಕೆರೆದು ತೆಗೆಯಿರಿ. ಒಂದೊಂದು ತೂತಿಗೂ ಮ್ಯಾಗ್ನೆಟ್ಟಿನ ಅಡಿಗೆ ಅಂಟಿದ ಕಬ್ಬಿಣದ ಚೂರು ಒರೆಸಿ. ನಿಮ್ಮ 12 ಮಿ.ಮೀ. ಸಾಕಷ್ಟು ದಪ್ಪ. 6 ಮಿ.ಮೀ. ಪ್ಲೇಟಾದರೆ ಹಿಡಿತ ಸಾಲದು. ಮ್ಯಾಗ್ನೆಟ್ ಕೂರುವ ಜಾಗದ ಕೆಳಗೆ ಇನ್ನೊಂದು ದಪ್ಪ ಪ್ಲೇಟ್ ಕೊಟ್ಟು ಕ್ಲ್ಯಾಂಪ್ ಹಾಕಿ.

ಆಮೇಲೆ ವೇಗ. ಎಂ.ಎಸ್.ಗೆ ಎಚ್‌ಎಸ್‌ಎಸ್ ಕಟರಿನ ಹಲ್ಲು ನಿಮಿಷಕ್ಕೆ ಸುಮಾರು 25 ಮೀಟರ್ ಓಡಲಿ. 25ನ್ನು 1000ದಿಂದ ಗುಣಿಸಿ, 3.14 × 22ರಿಂದ ಭಾಗಿಸಿದರೆ ಸುಮಾರು 360 ಆರ್‌ಪಿಎಂ. ಸ್ಟೇನ್‌ಲೆಸ್ ಆದರೆ ಅದರ ಅರ್ಧ. ಮಷಿನ್‌ಗೆ ಕೂರುವ ಕಟರಿನ ಹಿಂಬದಿ, ಅಂದರೆ 19 ಮಿ.ಮೀ. ವೆಲ್ಡನ್ ಶ್ಯಾಂಕಿನ ಎರಡು ಚಪ್ಪಟೆ ಮುಖಗಳ ಮೇಲೂ ಗ್ರಬ್ ಸ್ಕ್ರೂ (ತಲೆಯಿಲ್ಲದ ಸ್ಕ್ರೂ) ಸರಿಯಾಗಿ ಕೂತಿದೆಯೇ ನೋಡಿ. ಒಂದು ಸಡಿಲವಿದ್ದರೂ ಕಟರ್ ಅಲುಗುತ್ತದೆ.

ಕೈ ಒತ್ತಡದಲ್ಲೇ ಬಹಳಷ್ಟು ಕೆಡುತ್ತದೆ. ಸುತ್ತಲೂ ತೋಡು ಬೀಳುವವರೆಗೆ, ಅಂದರೆ ಮೊದಲ ಒಂದೆರಡು ಮಿ.ಮೀ., ಹಗುರವಾಗಿ ಇಳಿಸಿ. ಆಮೇಲೆ ಹೆದರದೆ ಒಂದೇ ಸಮ ಒತ್ತಿ. ಕಟರ್ ಉಳಿಯಲೆಂದು ಮೆಲ್ಲಗೆ ಒತ್ತುತ್ತ ಹೋದರೆ ಹಲ್ಲು ಕತ್ತರಿಸದೆ ಉಜ್ಜುತ್ತದೆ, ಕಾಯುತ್ತದೆ, ಮೊಂಡಾಗುತ್ತದೆ. ನಡುವೆ ಮೇಲೆತ್ತಿ ಮತ್ತೆ ಇಳಿಸುವ ಅಭ್ಯಾಸವಂತೂ ಬೇಡವೇ ಬೇಡ: ತೋಡಿನೊಳಗೆ ಬಿದ್ದ ಚೂರಿಗೆ ಹಲ್ಲು ಬಡಿಯುತ್ತದೆ. ಕಟರ್ ಆಚೆ ಹೊರಡುವಾಗ ಮತ್ತೆ ಕೈ ಹಗುರ ಮಾಡಿ. ಸುರುಳಿ ಬೆಳ್ಳಗೆ ಅಥವಾ ತಿಳಿ ಹಳದಿಯಾಗಿ ಬಂದರೆ ಸರಿ. ಕಡು ನೀಲಿಯಾದರೆ ವೇಗ ಹೆಚ್ಚು ಇಲ್ಲವೇ ಕೂಲಂಟ್ ಕಡಿಮೆ. ಹತ್ತು ಪಾಲು ನೀರಿಗೆ ಒಂದು ಪಾಲು ಕಟಿಂಗ್ ಆಯಿಲ್ ಸಾಕು. ನಿಂತ ಕಂಬಕ್ಕೆ ಅಡ್ಡ ತೂತು ಹಾಕುವಾಗ ಅದು ಕಟರಿನೊಳಗೆ ಸರಿಯಾಗಿ ಇಳಿಯುವುದಿಲ್ಲ, ಆಗ ಕಟಿಂಗ್ ಪೇಸ್ಟ್ ಬಳಸಿ.

ಪ್ರಶ್ನೆ: ಆಗಲೇ ಇರುವ 18 ಮಿ.ಮೀ. ತೂತನ್ನು ಇದೇ ಕಟರಿನಿಂದ 22ಕ್ಕೆ ಹಿಗ್ಗಿಸಬಹುದೇ?
– ಒಬ್ಬ ಓದುಗರು, ಭದ್ರಾವತಿ

ಉತ್ತರ: ಬೇಡ. ಪಿನ್ ತೂತಿನೊಳಗೆ ಇಳಿದುಬಿಡುವುದರಿಂದ ಕೂಲಂಟ್ ದಾರಿ ತೆರೆಯುವುದಿಲ್ಲ. ಹಲ್ಲಿನ ಹೊರ ಅಂಚಷ್ಟೇ ಕತ್ತರಿಸಿ ಕಟರ್ ಕಚ್ಚಿಕೊಳ್ಳುತ್ತದೆ. ಬ್ರಿಡ್ಜ್ ರೀಮರ್ (ಇರುವ ತೂತು ಹಿಗ್ಗಿಸುವ ಮೊನಚು ಉಪಕರಣ) ತಂದು ಕಡಿಮೆ ವೇಗದಲ್ಲಿ ಹಿಗ್ಗಿಸಿ.

ಪ್ರಶ್ನೆ: ಸ್ಲಗ್ ಕಟರಿನೊಳಗೇ ಸಿಕ್ಕಿಕೊಂಡರೆ?
– ಒಬ್ಬ ಓದುಗರು, ಪೀಣ್ಯ

ಉತ್ತರ: ಪ್ಲಗ್ ಕಿತ್ತು ಕಟರ್ ಬಿಚ್ಚಿ, ಶ್ಯಾಂಕಿನ ಮೇಲಿನ ತೂತಿನಿಂದ ಪಿನ್ ಬಡಿದು ತಳ್ಳಿ. ಹಲ್ಲಿನ ಕಡೆಯಿಂದ ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ಪದೇ ಪದೇ ಸಿಕ್ಕಿಕೊಂಡರೆ ಪಿನ್ ಅಳತೆ ತಪ್ಪಿದೆಯೇ, ಸ್ಪ್ರಿಂಗ್ ಸೋತಿದೆಯೇ, ಕಟರ್ ಮೊಂಡಾಗಿದೆಯೇ ನೋಡಿ. ಸ್ಲಗ್ ಸುಡುವಷ್ಟು ಬಿಸಿಯಿರುತ್ತದೆ. ಎತ್ತರದ ಬೀಮಿನ ಮೇಲೆ ಕೆಲಸವಿದ್ದರೆ ಕೆಳಗೆ ಯಾರನ್ನೂ ನಿಲ್ಲಲು ಬಿಡಬೇಡಿ.

ಪ್ರಶ್ನೆ: ಕೊರೆಯುವಾಗ ಕರೆಂಟು ಹೋದರೆ ಮಷಿನ್ ಬೀಳುತ್ತದೆಯೇ?
– ಒಬ್ಬ ಓದುಗರು, ಬಳ್ಳಾರಿ

ಉತ್ತರ: ಎಲೆಕ್ಟ್ರೋಮ್ಯಾಗ್ನೆಟ್ ಆದರೆ ಆ ಕ್ಷಣವೇ ಹಿಡಿತ ಬಿಡುತ್ತದೆ. ಅದಕ್ಕೇ ಮಷಿನ್ ಜತೆ ಸೇಫ್ಟಿ ಚೈನ್ ಕೊಟ್ಟಿರುತ್ತಾರೆ. ಕೊರೆಯಲು ಶುರು ಮಾಡುವ ಮೊದಲೇ ಅದನ್ನು ಬೀಮಿಗೆ ಸುತ್ತಿ, ಸಡಿಲವಿಲ್ಲದಂತೆ ಬಿಗಿಯಿರಿ. ಸಣ್ಣ ವೈರಿನ ಉದ್ದ ಎಕ್ಸ್‌ಟೆನ್ಷನ್‌ನಿಂದ ವೋಲ್ಟೇಜ್ ಇಳಿದರೂ ಹಿಡಿತ ಸೋಲುತ್ತದೆ, ದಪ್ಪ ಕೇಬಲ್ ಹಾಕಿ. ಅದೇ ಬೀಮಿನ ಮೇಲೆ ಆಗ ವೆಲ್ಡಿಂಗ್ ನಡೆಯಬಾರದು. ವೆಲ್ಡಿಂಗ್ ಕರೆಂಟು ಡ್ರಿಲ್‌ನ ಅರ್ಥ್ ವೈರಿನ ಮೂಲಕ ಹರಿದು ಮಷಿನ್ ಸುಡಬಹುದು.