ಪ್ಲಾಟ್‌ಫಾರಂ ಮೇಲೆ ನಿಂತವರ ಕಣ್ಣಿನ ಮಟ್ಟದಲ್ಲಿ

ಹವ್ಯಾಸ ಅಂಕಣ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮೇಡಂ, ನಾನು ಸಾಗರದ ಹತ್ತಿರದ ಅಡಿಕೆ ಬೆಳೆಗಾರ. ಉಪ್ಪರಿಗೆಯ ಕೋಣೆಯಲ್ಲಿ ಎಚ್‌ಒ ಅಳತೆಯ ಪುಟ್ಟ ಮಾದರಿ ರೈಲಿನ ಲೇಔಟ್ ಕಟ್ಟುತ್ತಿದ್ದೇನೆ. ಅರಸಾಳಿನ ಹಳೆ ಸ್ಟೇಷನ್ ನೆನಪಿನಲ್ಲಿ ಒಂದು ಪುಟ್ಟ ಸ್ಟೇಷನ್, ಸುತ್ತ ಕಾಡು, ತಾಳಗುಪ್ಪಕ್ಕೆ ಹೋಗುತ್ತಿದ್ದ ರೈಲ್ ಬಸ್ (ಬಸ್ಸಿನ ಹಾಗಿದ್ದ ಪುಟ್ಟ ರೈಲು) ಎಲ್ಲ ಮಾಡಿದ್ದೇನೆ. ಎದುರು ನಿಂತು ನೋಡಿದರೆ ಚೆನ್ನಾಗಿದೆ. ಮೊಬೈಲಿನಲ್ಲಿ ಫೋಟೊ ತೆಗೆದು ಗೆಳೆಯರ ವಾಟ್ಸ್‌ಆಪ್ ಗುಂಪಿಗೆ ಹಾಕಿದರೆ ಆಟದ ಸಾಮಾನಿನ ಹಾಗೆ ಕಾಣುತ್ತದೆ. ಎಲ್ಲರೂ 'ಸೂಪರ್' ಅಂತಾರೆ, ಅಷ್ಟೇ. ದೊಡ್ಡ ಕ್ಯಾಮೆರಾ ಕೊಳ್ಳಬೇಕಾ?

ಉತ್ತರ: ಬೇಡ, ಮೊಬೈಲೇ ಸಾಕು. ನೀವು ಬದಲಿಸಬೇಕಾದ್ದು ಫೋಟೊ ತೆಗೆಯುವ ಎತ್ತರವನ್ನು.

ನಾನು ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದವಳು. ಮಕ್ಕಳಿಗೆ ಮೊದಲು ಹೇಳಿಕೊಡುತ್ತಿದ್ದದ್ದೇ ಕಣ್ಣಿನ ಮಟ್ಟದ ಗೆರೆ. ನೋಡುವವರು ಎಲ್ಲಿ ನಿಂತಿದ್ದಾರೆ ಅನ್ನುವುದನ್ನು ಆ ಗೆರೆಯೇ ಹೇಳುತ್ತದೆ. ಎಚ್‌ಒ ಅಂದರೆ 87ರಲ್ಲಿ ಒಂದು ಪಾಲು. ಐದೂವರೆ ಅಡಿಯ ಮನುಷ್ಯ ನಿಮ್ಮ ಪ್ಲಾಟ್‌ಫಾರಂ ಮೇಲೆ 2 ಸೆಂಟಿಮೀಟರ್ ಕೂಡ ಇರುವುದಿಲ್ಲ. ನೀವು ಲೇಔಟಿನಿಂದ ಅರ್ಧ ಮೀಟರ್ ಮೇಲೆ ಮೊಬೈಲ್ ಹಿಡಿದರೆ, ಆ ಪುಟ್ಟ ಊರಿನ ಲೆಕ್ಕದಲ್ಲಿ 43 ಮೀಟರ್ ಎತ್ತರ. ಡ್ರೋನ್ ಹಾರಿಸಿದಷ್ಟು! ರೈಲನ್ನು ನಾವು ಯಾರೂ ಅಲ್ಲಿಂದ ನೋಡಿ ಬೆಳೆದವರಲ್ಲ. ಪ್ಲಾಟ್‌ಫಾರಂ ಮೇಲೆ ಚೀಲ ಹಿಡಿದು ನಿಂತು, ಎಂಜಿನ್ ಮುಖ ದೊಡ್ಡದಾಗುತ್ತ ಬರುವುದನ್ನು ನೋಡಿದವರು. ಫೋಟೊ ಕೂಡ ಅಲ್ಲಿಂದಲೇ ಹುಟ್ಟಬೇಕು.

ಹಾಗಾಗಿ ಮೊಬೈಲನ್ನು ತಲೆಕೆಳಗು ಮಾಡಿ. ಲೆನ್ಸ್ ಕೆಳಕ್ಕೆ ಬರುತ್ತದೆ. ಆ ಅಂಚನ್ನೇ ಹಳಿಯ ಪಕ್ಕದ ನೆಲಕ್ಕೆ ತಾಗಿಸಿ ನಿಲ್ಲಿಸಿ. ದೊಡ್ಡ ಕ್ಯಾಮೆರಾ ಇಷ್ಟು ತಗ್ಗಿಗೆ ಇಳಿಯುವುದೇ ಇಲ್ಲ. ಹಿಂದೆ ಒಂದು ಪುಸ್ತಕ ಒರಗಿಸಿ, ಟೈಮರ್ ಹಾಕಿ, ಕೈ ತೆಗೆದುಬಿಡಿ. ಎಂಜಿನ್ನಿಗೆ ತೀರಾ ಅಂಟಿಕೊಂಡು ತೆಗೆಯಬೇಡಿ, ಮೂತಿ ಉಬ್ಬಿದ ಹಾಗೆ ಕಾಣುತ್ತದೆ, ಫೋಕಸ್ಸೂ ಸಿಗುವುದಿಲ್ಲ. ಒಂದೂವರೆ ಗೇಣು ಹಿಂದೆ ಸರಿದು ಸ್ವಲ್ಪ ಜೂಮ್ ಮಾಡಿ.

ಮುಂದಿನ ಬೋಗಿ ಸ್ಪಷ್ಟ, ಹಿಂದಿನದು ಮಸುಕು ಆದರೂ ಆಟಿಕೆಯ ಭಾವ ಬರುತ್ತದೆ. ದೂರದಲ್ಲಿ ನಿಂತ ನಿಜವಾದ ರೈಲಿನ ಫೋಟೊದಲ್ಲಿ ಮೊದಲಿನಿಂದ ಕೊನೆಯವರೆಗೆ ಎಲ್ಲವೂ ಸ್ಪಷ್ಟ ಇರುತ್ತದೆ, ಅಲ್ವಾ? ಮೊಬೈಲ್ ಅಲುಗಿಸದೆ ಮೂರು ನಾಲ್ಕು ಫೋಟೊ ತೆಗೆಯಿರಿ. ಒಂದರಲ್ಲಿ ಎಂಜಿನ್ ಮೇಲೆ ಫೋಕಸ್, ಇನ್ನೊಂದರಲ್ಲಿ ನಡುವಿನ ಬೋಗಿ, ಮತ್ತೊಂದರಲ್ಲಿ ಹಿಂದಿನ ಗುಡ್ಡ. ಸ್ಪಷ್ಟ ಇರುವ ಭಾಗಗಳನ್ನೆಲ್ಲ ಸೇರಿಸಿ ಒಂದೇ ಫೋಟೊ ಮಾಡುವ ಸಾಫ್ಟ್‌ವೇರ್ ಇದೆ. ಫೋಕಸ್ ಸ್ಟ್ಯಾಕಿಂಗ್ ಅಂತ ಹುಡುಕಿ. ಗುಂಪಿನಲ್ಲಿ ದೊಡ್ಡ ಕ್ಯಾಮೆರಾ ಇರುವವರು ಕೇಳಿದರೆ ಲೆನ್ಸಿನ ಕಿಂಡಿಯನ್ನು ಎಫ್ 16ರ ಆಸುಪಾಸಿಗೆ ಕಿರಿದು ಮಾಡಿ ಸ್ಟ್ಯಾಂಡಿನ ಮೇಲೆ ತೆಗೆಯಲು ಹೇಳಿ.

ಬೆಳಕು ಒಂದೇ ಕಡೆಯಿಂದ ಬರಲಿ. ಆಕಾಶದಲ್ಲಿ ಇರುವುದು ಒಬ್ಬನೇ ಸೂರ್ಯ. ಟ್ಯೂಬ್‌ಲೈಟ್, ಹಳದಿ ಬಲ್ಬು, ಕಿಟಕಿ ಬೆಳಕು ಮೂರೂ ಸೇರಿದರೆ ಮರಕ್ಕೊಂದು ಬಣ್ಣ, ಮಾಡಿಗೊಂದು ಬಣ್ಣ. ನಮ್ಮ ಕಡೆ ಮಳೆಗಾಲದ ಹಗಲಿನ ಬೆಳಕು ಇದಕ್ಕೆ ಬಹಳ ಒಳ್ಳೆಯದು. ಮೋಡದ ಬೆಳಕಿನಲ್ಲಿ ಗಡುಸು ನೆರಳೇ ಇರುವುದಿಲ್ಲ. ದೀಪ ಎಲ್ಲ ಆರಿಸಿ, ಕಿಟಕಿ ತೆರೆದು ತೆಗೆದು ನೋಡಿ. ನಿಮ್ಮ ರೈಲ್ ಬಸ್ ಆಷಾಢದ ಮಧ್ಯಾಹ್ನದಲ್ಲಿ ನಿಂತ ಹಾಗೆ ಬರುತ್ತದೆ.

ಇನ್ನು ಧೂಳು. ಇದನ್ನು ಒತ್ತಿ ಹೇಳುತ್ತೇನೆ. ಹಳಿ ಮೇಲೆ ಬಿದ್ದ ನಮ್ಮ ಒಂದು ತಲೆಕೂದಲು ಆ ಲೆಕ್ಕದಲ್ಲಿ ಅರ್ಧ ಸೆಂಟಿಮೀಟರಿಗಿಂತ ದಪ್ಪದ ಹಗ್ಗ. ಕಣ್ಣು ಅದನ್ನು ಬಿಟ್ಟು ನೋಡುತ್ತದೆ, ಫೋಟೊ ಬಿಡುವುದಿಲ್ಲ. ಜಲ್ಲಿಯ ಲೆಕ್ಕವೂ ಹಾಗೇ. ನಿಜವಾದ ಹಳಿಯ ಕೆಳಗೆ ಸುಮಾರು 5 ಸೆಂಟಿಮೀಟರಿನ ಕಲ್ಲು ಇರುತ್ತದೆ. 87ರಿಂದ ಭಾಗಿಸಿದರೆ ಅರ್ಧ ಮಿಲಿಮೀಟರಿಗೆ ಚೂರು ಜಾಸ್ತಿ. ಹೊಳೆ ಮರಳನ್ನು ಹಾಗೇ ಸುರಿದರೆ ಬಂಡೆಗಳ ಮೇಲೆ ಹಳಿ ಹಾಸಿದ ಹಾಗೆ ಕಾಣುತ್ತದೆ. ಸಣ್ಣ ಜರಡಿಯಲ್ಲಿ ಜರಡಿ ಹಿಡಿಯಿರಿ.

ಈಗ ಗುಂಪಿಗೆ ಹಾಕುವ ಮಾತು. ವಾಟ್ಸ್‌ಆಪಿನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಕುಗ್ಗುತ್ತದೆ, ನೀವು ಕಷ್ಟಪಟ್ಟು ಜೋಡಿಸಿದ ಹಂಚಿನ ಸಾಲು ಕಲಸಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. ಹಾಗೆ ಕಳಿಸಿದಾಗ ಮನೆ ಇರುವ ಜಾಗದ ವಿವರವೂ ಫೋಟೊ ಜೊತೆ ಹೋಗಬಹುದು, ಕ್ಯಾಮೆರಾದಲ್ಲಿ ಲೊಕೇಶನ್ ಮೊದಲೇ ಆಫ್ ಮಾಡಿಡಿ.

ಫೋಟೊ ಕೆಳಗೆ ನಾಲ್ಕು ಸಾಲು ಬರೆಯಿರಿ. ಯಾವ ಅಳತೆ, ಯಾವ ಕಾಲದ ದೃಶ್ಯ, ಹಳಿ ಎಷ್ಟು ಅಗಲ. ಅಗಲದ ಮಾತು ಇಲ್ಲಿ ಮುಖ್ಯ. ನಿಮ್ಮ ರೈಲ್ ಬಸ್ ಓಡುತ್ತಿದ್ದ ಮೀಟರ್ ಗೇಜನ್ನು, ಅಂದರೆ ಒಂದು ಮೀಟರ್ ಅಗಲದ ಹಳಿಯನ್ನು, ಎಚ್‌ಒ ಅಳತೆಗೆ ಇಳಿಸಿದರೆ ಹನ್ನೊಂದೂವರೆ ಮಿಲಿಮೀಟರ್ ಆಗುತ್ತದೆ, 12 ಮಿಲಿಮೀಟರಿನ ಹಳಿ ಸರಿಹೋಗುತ್ತದೆ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಎಚ್‌ಒ ಹಳಿ 16.5 ಮಿಲಿಮೀಟರ್, ಅದು ಹೊರದೇಶದ 1435 ಮಿಲಿಮೀಟರ್ ಹಳಿಯ ಲೆಕ್ಕ. ನಮ್ಮ ಬ್ರಾಡ್ ಗೇಜ್ 1676. ಅಂಗಡಿಯ ಹಳಿ ಅದಕ್ಕೆ ಕಡಿಮೆ, ಮೀಟರ್ ಗೇಜಿಗೆ ಜಾಸ್ತಿ. ನೀವು ಯಾವುದು ಹಾಕಿದ್ದೀರಿ ಅಂತ ಬರೆದರೆ ಹೊಸದಾಗಿ ಶುರು ಮಾಡುವವರಿಗೆ ದೊಡ್ಡ ಉಪಕಾರ.

'ಸೂಪರ್' ಅನ್ನುವುದನ್ನು ದಾಟಬೇಕಾದರೆ ನೀವೇ ಒಂದು ಪ್ರಶ್ನೆ ಕೇಳಿ. 'ಮಾಡಿನ ಪಾಚಿ ಬಣ್ಣ ಜಾಸ್ತಿ ಆಯಿತಾ?' ಅಂದರೆ ಉತ್ತರ ಬಂದೇ ಬರುತ್ತದೆ. ಜೊತೆಗೆ ಮುಗಿಯದ ಭಾಗದ ಫೋಟೊ ಹಾಕಿ. ಹಲಗೆಯ ಅಡಿಯ ವೈರು, ಬಣ್ಣ ಬಳಿಯದ ಗುಡ್ಡ, ಒಳಗಿನ ರಟ್ಟು. ನನ್ನ ಮಟ್ಟಿಗೆ ಇಡೀ ಗುಂಪಿಗೆ ಹೆಚ್ಚು ಉಪಯೋಗ ಆಗುವುದು ಈ ಫೋಟೊಗಳೇ. ಸುಂದರ ಫೋಟೊ ನೋಡಿ ಸಂತೋಷಪಡಬಹುದು, ಕಲಿಯುವುದು ಬಿಚ್ಚಿಟ್ಟದ್ದನ್ನು ನೋಡಿ.

ಪ್ರಶ್ನೆ: ನಾವು ಶಿವಮೊಗ್ಗದ ಮೂವರು ಗೆಳೆಯರು ಸಕಲೇಶಪುರ ಘಾಟಿಯ ಮಾಡೆಲ್ ಮಾಡಬೇಕೆಂದಿದ್ದೇವೆ. ಸುರಂಗ, ಸೇತುವೆಗಳ ಫೋಟೊ ಬೇಕು. ಹಳಿ ಗುಂಟ ನಡೆದು ಹೋಗಿ ತೆಗೆಯಬಹುದಾ?

ಉತ್ತರ: ದಯವಿಟ್ಟು ಹೋಗಬೇಡಿ. ಅಪ್ಪಣೆ ಇಲ್ಲದೆ ಹಳಿ ಮೇಲೆ ಹೋಗುವುದು ರೈಲ್ವೆ ಕಾಯಿದೆಯ 147ನೇ ಸೆಕ್ಷನ್ ಪ್ರಕಾರ ಅಪರಾಧ. ಆರು ತಿಂಗಳವರೆಗೆ ಜೈಲು ಅಥವಾ 1000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಕಾಯಿದೆಗಿಂತ ನನಗೆ ಹೆದರಿಕೆ ಜೀವದ್ದು. ಸುರಂಗದೊಳಗೆ ರೈಲು ಬಂದರೆ ಪಕ್ಕಕ್ಕೆ ಸರಿಯಲು ಜಾಗ ಎಲ್ಲಿದೆ? ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಹಗಲಿನ ರೈಲಿನಲ್ಲಿ ಕಿಟಕಿ ಪಕ್ಕ ಕೂತು ಹೋಗಿ. 57 ಸುರಂಗಗಳೂ ದಾರಿಯಲ್ಲೇ ಸಿಗುತ್ತವೆ. ತಿರುವಿನಲ್ಲಿ ಎಂಜಿನ್ ಕಾಣುತ್ತದೆ, ಕೈ ಹೊರಗೆ ಚಾಚಬೇಡಿ. ಅಲ್ಲಿ ಹಳಿ 50 ಮೀಟರಿಗೆ 1 ಮೀಟರ್ ಏರುತ್ತದೆ. ನಿಮ್ಮ ಹಲಗೆಯಲ್ಲಿ ಒಂದು ಮೀಟರಿಗೆ 2 ಸೆಂಟಿಮೀಟರ್ ಏರಿಸಿದರೆ ಅಳತೆ ಸರಿಯಾಗಿರುತ್ತದೆ.

ಪ್ರಶ್ನೆ: ತೀರ್ಥಹಳ್ಳಿಯ ಮಳೆಗೆ ಲೆನ್ಸಿನಲ್ಲಿ ಬೂಷ್ಟು ಬರುತ್ತಿದೆ. ಹಳಿಯೂ ಕಪ್ಪಾಗುತ್ತದೆ. ಏನು ಮಾಡಲಿ?

ಉತ್ತರ: ಗಾಳಿಯಾಡದ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಕ್ಯಾಮೆರಾ ಇಡಿ, ಚರ್ಮದ ಚೀಲದಲ್ಲಿ ಬೇಡ. ಹಳಿಯ ತಲೆಯನ್ನು ಐಸೋಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯಲ್ಲಿ ಒರೆಸಿ. ಪಕ್ಕಗಳಿಗೆ ತುಕ್ಕಿನ ಕಂದು ಬಣ್ಣ ಹಚ್ಚಿ. ನಿಜವಾದ ಹಳಿಯ ಮೇಲ್ಭಾಗ ಮಾತ್ರ ಹೊಳೆಯುತ್ತದೆ, ಫೋಟೊದಲ್ಲಿ ಇದು ತಕ್ಷಣ ಗೊತ್ತಾಗುತ್ತದೆ.

ಪ್ರಶ್ನೆ: ನಾನು ಹೊಸನಗರದಲ್ಲಿ ಒಂಬತ್ತನೇ ಕ್ಲಾಸ್. ರೈಲು ಸೆಟ್ ತರಲು ದುಡ್ಡಿಲ್ಲ. ರಟ್ಟಿನಲ್ಲಿ ಬೋಗಿ ಮಾಡುತ್ತೇನೆ. ಇಂಥದ್ದರ ಫೋಟೊ ದೊಡ್ಡವರ ಗುಂಪಿಗೆ ಕಳಿಸಬಹುದಾ ಟೀಚರ್?

ಉತ್ತರ: ಖಂಡಿತ ಕಳಿಸು ಪುಟ್ಟಾ. ರಟ್ಟಿನಲ್ಲಿ ಅಳತೆ ಹಿಡಿದು ಮಾಡುವವರನ್ನು ಕಂಡರೆ ಹಳೆಯ ಹವ್ಯಾಸಿಗಳಿಗೆ ಬಹಳ ಗೌರವ. ಚೆನ್ನೈ ಕಾರ್ಖಾನೆಯ ಹಳೆ ನೀಲಿ ಐಸಿಎಫ್ ಬೋಗಿಯ ಮೈ 21.3 ಮೀಟರ್ ಉದ್ದ, 3.25 ಮೀಟರ್ ಅಗಲ. ಎಚ್‌ಒಗೆ ಇಳಿಸಿದರೆ 24.5 ಸೆಂಟಿಮೀಟರ್ ಉದ್ದ, 3.7 ಸೆಂಟಿಮೀಟರ್ ಅಗಲ. ಮದುವೆ ಕರೆಯೋಲೆಯ ರಟ್ಟು ಇದಕ್ಕೆ ಚೆನ್ನಾಗಿರುತ್ತದೆ. ಕಿಟಕಿಗಳನ್ನು ರಟ್ಟು ಮಡಚುವ ಮೊದಲೇ ಕತ್ತರಿಸು, ಹರಿತವಾದ ಬ್ಲೇಡಾದ್ದರಿಂದ ಮನೆಯಲ್ಲಿ ದೊಡ್ಡವರು ಯಾರಾದರೂ ಜೊತೆಗಿರಲಿ. ಬಣ್ಣ ಹಚ್ಚುವ ಮೊದಲು ಒಂದು ಫೋಟೊ, ಒಣಗಿದ ಮೇಲೆ ಒಂದು. ಎರಡನ್ನೂ ಈ ಅಂಕಣಕ್ಕೂ ಕಳಿಸು, ಅಳತೆ ಬರೆಯುವುದನ್ನು ಮರೆಯಬೇಡ.