1860ರ ಆಕ್ಸ್‌ಫರ್ಡ್ ಚರ್ಚೆ: ಹಕ್ಸ್ಲಿಯ ಮಾತು ಒಂದೊಂದು ಪುಸ್ತಕದಲ್ಲಿ ಒಂದೊಂದು ಥರ ಏಕೆ?
ಈ ಚರ್ಚೆ ನಡೆದದ್ದು ಡಾರ್ವಿನ್ನನ ವಿಕಾಸವಾದದ ಮೇಲೆ. ಅದನ್ನು ಟೀಕಿಸಿದ ಬಿಷಪ್ ವಿಲ್ಬರ್‌ಫೋರ್ಸ್‌ಗೆ ಜೀವವಿಜ್ಞಾನಿ ಹಕ್ಸ್ಲಿ ಕೊಟ್ಟ ‘ಮಂಗನ ಅಜ್ಜ’ ಉತ್ತರ (ಬುದ್ಧಿಯನ್ನು ದುರುಪಯೋಗ ಮಾಡುವ ಮನುಷ್ಯನಿಗಿಂತ ಮಂಗವೇ ಅಜ್ಜನಾದರೂ ವಾಸಿ ಎಂಬರ್ಥದ್ದು) ಪುಸ್ತಕದಿಂದ ಪುಸ್ತಕಕ್ಕೆ ಬದಲಾಗಲು ಕಾರಣ, ಜೂನ್ 30ರ ಆ ಸಭೆಯ ಮಾತುಗಳ ಅಕ್ಷರಶಃ ದಾಖಲೆಯೇ ಇಲ್ಲ. ಪ್ರಸಿದ್ಧ ರೂಪ ಬಂದದ್ದು 1898ರ ನೆನಪಿನ ಲೇಖನವೊಂದರಿಂದ. ಹಾಗಾಗಿ ಈ ಬಗ್ಗೆ ಪ್ರಬಂಧ ಬರೆಯುವುದಾದರೆ ಅದನ್ನು ಉದ್ಧರಣ ಚಿಹ್ನೆಯೊಳಗೆ ಹಾಕಬೇಡಿ.

ಮೊದಲು 1860ರ ಜುಲೈನ ಅಥೀನಿಯಮ್ ವಾರಪತ್ರಿಕೆಯ ವರದಿ ನೋಡಿ. ಆಮೇಲೆ ಸಭೆಯಲ್ಲಿದ್ದ ಸಸ್ಯವಿಜ್ಞಾನಿ ಹೂಕರ್ ತನ್ನ ಗೆಳೆಯ ಡಾರ್ವಿನ್‌ಗೆ ಬರೆದ ಪತ್ರ: ಹಕ್ಸ್ಲಿಯ ದನಿ ಸಭೆಗೆ ಸಾಲಲಿಲ್ಲ, ಬಿಷಪ್‌ರನ್ನು ಮಣಿಸಿದ್ದು ತಾನೇ ಎಂಬ ಧಾಟಿ ಅದರದು (ಜಂಬ ಸ್ವಲ್ಪ ಕಳೆದೇ ಓದಿ). ಕೊನೆಗೆ ಕ್ವಾರ್ಟರ್ಲಿ ರಿವ್ಯೂ ಪತ್ರಿಕೆಯಲ್ಲಿ ಡಾರ್ವಿನ್ನನ ಪುಸ್ತಕದ ಬಗ್ಗೆ ಬಿಷಪ್ ಬರೆದ ವಿಮರ್ಶೆ. ಅಲ್ಲಿ ವೈಜ್ಞಾನಿಕ ಆಕ್ಷೇಪಗಳೇ ಹೆಚ್ಚು. ಡಾರ್ವಿನ್ನನೇ ಅದನ್ನು ಬಲು ಜಾಣ ಬರಹವೆಂದ.

‘ಚರ್ಚ್ ವಿರುದ್ಧ ವಿಜ್ಞಾನ’ ಎಂಬ ಶೀರ್ಷಿಕೆ ಬಿಡಿ. ಪಾದ್ರಿ ಚಾರ್ಲ್ಸ್ ಕಿಂಗ್ಸ್ಲಿ, ಸಸ್ಯವಿಜ್ಞಾನಿ ಏಸಾ ಗ್ರೇ ಇಬ್ಬರೂ ಡಾರ್ವಿನ್ ಪರ ನಿಂತ ಕ್ರೈಸ್ತರು; ಅವರಿಗೆ ಒಂದು ಪ್ಯಾರಾ ಕೊಡಿ.